ಸೇರು ತುಂಬದ ವರ್ಷ

ಕಳೆದ ವಾರ ತೆರಕಣಾಂಬಿಯಲ್ಲಿ ಬಸ್ ಹತ್ತಿದ ಹೆಂಗಸೊಬ್ಬಳು ತನ್ನ ರಾಗಿ ಮೂಟೆಯನ್ನು ನೇರ ನನ್ನ ಪಾದದ ಮೇಲೆ ಇಳಿಸಿದಳು. "ಒಸಿ ಕಾಲೆತ್ಕೊ ಕಣವ್ವ" ಎಂದದ್ದು ಇಳಿಸಿಯಾದ ಮೇಲೆ. ನಾನು ಸುಮ್ಮನಿರುವ ಜಾತಿಯವಳಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಣಿಯಿಂದ ಹೊಸ ರಾಗಿಯ ವಾಸನೆ ಬಂತು, ಕಣದ ಮಣ್ಣು, ಹೊಟ್ಟು, ಒಣಗಿದ ಬಿಸಿಲು ಎಲ್ಲ ಕಲೆತ ವಾಸನೆ. ಬೈಗುಳ ಅಲ್ಲೇ ನಿಂತಿತು. ಗುಂಡ್ಲುಪೇಟೆ ಬರುವವರೆಗೂ ಕಾಲು ಜೋಮು ಹಿಡಿದಿದ್ದರೂ ನಾನು ಎಳೆದುಕೊಳ್ಳಲಿಲ್ಲ.

ಪುಣಜನೂರಿನ ಕಡೆ, ಕಾಡಿನ ಅಂಚಿಗೆ ಒಂದು ಊರಿದೆ. ಹೆಸರು ಬೇಡ. ಅಲ್ಲಿನ ಐದನೇ ತರಗತಿವರೆಗಿನ ಶಾಲೆಯಲ್ಲಿ ನಾನು ಒಂದೇ ಒಂದು ವರ್ಷ ಮೇಷ್ಟ್ರಗಿರಿ ಮಾಡಿದೆ.

ಆ ವರ್ಷ ಏಪ್ರಿಲ್‌ನಲ್ಲಿ ಅಮ್ಮ ಹೋಗಿದ್ದಳು. ಚಾಮರಾಜನಗರದ ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷ ನಾವಿಬ್ಬರೇ ಇದ್ದವರು. ನಾನು ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಬೇಡ. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಯಾರೂ ಮುಟ್ಟದ ಆ ಊರನ್ನು ನಾನಾಗಿ ಆರಿಸಿದಾಗ ಜೊತೆಯವರು ಮುಖ ಮುಖ ನೋಡಿಕೊಂಡರು. ಸೇವೆ ಎಂದು ತಿಳಿದವರು ತಿಳಿಯಲಿ. ನಿಜ ಏನೆಂದರೆ, ಸಂಜೆ ಬಂದು ಅಮ್ಮನಿಲ್ಲದ ಮನೆಯ ಬೀಗ ತೆಗೆಯುವುದು ನನ್ನಿಂದ ಆಗುತ್ತಿರಲಿಲ್ಲ. ಎಲ್ಲಿಗೆ ಹೋದರೂ ಬೀಗ ನಾನೇ ತೆಗೆಯಬೇಕು ಎನ್ನುವುದು ಮಾತ್ರ ಆಗ ಹೊಳೆಯಲಿಲ್ಲ.

ಶಾಲೆಯ ಹಿಂದೆಯೇ ಒಂದು ಕೋಣೆ ಸಿಕ್ಕಿತು. ಸಾಮಾನು ಹೆಚ್ಚಿರಲಿಲ್ಲ. ಅಮ್ಮನ ಅಡುಗೆಮನೆಯಿಂದ ತಂದದ್ದು ಒಂದು ಹಿತ್ತಾಳೆ ಪಾವು. ಸೇರಿನ ಕಾಲು ಭಾಗ ಹಿಡಿಯುವ ಆ ಪಾವಿನಲ್ಲಿ ಅಮ್ಮ ದಿನಾ ಒಂದು ಪಾವು ಅಕ್ಕಿ ಅಳೆಯುತ್ತಿದ್ದಳು. ಇಬ್ಬರಿಗೆ ಒಂದು ಹೊತ್ತಿಗೆ ಸರಿಯಾಗುತ್ತಿತ್ತು. ಹೊಸ ಊರಿನಲ್ಲಿ ಮೊದಲ ದಿನ ಅಭ್ಯಾಸಬಲದಿಂದ ಒಂದು ಪಾವು ಅಳೆದು ಬೇಯಿಸಿದೆ. ಅರ್ಧ ಉಳಿಯಿತು. ಮರುದಿನದಿಂದ ಅರೆಪಾವು. ಭಿನ್ನರಾಶಿಯನ್ನು ಆ ವರ್ಷ ಮೊದಲು ಕಲಿತದ್ದು ನಾನೇ.

ಜೂನ್, ಜುಲೈಯಲ್ಲಿ ಅಲ್ಲಿ ಮಳೆ ಎಂಬುದು ಹೆಸರಿಗೆ. ಬೆಳಿಗ್ಗೆ ಬೆಟ್ಟದ ಮೇಲಿಂದ ಮಂಜು ಇಳಿಯುತ್ತದೆ, ಸಣ್ಣಗೆ ಜಿನುಗುತ್ತದೆ, ಹತ್ತು ಗಂಟೆಗೆ ಏನೂ ಆಗಿಲ್ಲವೆಂಬಂತೆ ಬಿಸಿಲು. ಹೆಡ್‌ಮಾಸ್ಟರು ಚಾಮರಾಜನಗರದಿಂದ ಬೈಕಿನಲ್ಲಿ ಬರುತ್ತಿದ್ದರು. ನಾಲ್ಕೂವರೆಗೆ ಬೈಕಿನ ಕಿಕ್ ಹೊಡೆದರೆ, "ಆನೆ ಓಡಾಡೋ ಟೈಮು ಮೇಡಂ, ಬರ್ತೀನಿ" ಎನ್ನುವರು. ಆ ಸದ್ದು ದೂರವಾದ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಊರಿನವರು ಒಳ್ಳೆಯವರೇ. ಆದರೆ ಕೂಲಿ ಮುಗಿಸಿ ಬಂದು, ಕತ್ತಲಿಗೆ ಮೊದಲು ನೀರು ತಂದು, ದನ ಕಟ್ಟಿ ಬಾಗಿಲು ಹಾಕಿಕೊಳ್ಳುವವರು. ನಮಸ್ಕಾರ ಹೇಳಿ ದಾಟಿ ಹೋಗುವರು. ಐದರಿಂದ ಆರು ಗಂಟೆಯವರೆಗಿನ ಆ ಒಂದು ಗಂಟೆ ಇದೆಯಲ್ಲ, ಅದನ್ನು ಕಳೆಯುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ಎಷ್ಟೋ ದಿನ ಒಗೆದ ಸೀರೆಯನ್ನೇ ಇನ್ನೊಂದು ಸಲ ಒಗೆದಿದ್ದೇನೆ.

ಐದನೇ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರು. ಅವರಲ್ಲಿ ಬಸಮಣಿ ಒಬ್ಬಳು. ಸಣಕಲು ಹುಡುಗಿ, ಬಾಯಿ ಮಾತ್ರ ದೊಡ್ಡದು. ಭಿನ್ನರಾಶಿ ಶುರುಮಾಡಿದ ದಿನ ಬೋರ್ಡಿನ ಮೇಲೆ ನಾಲ್ಕನೇ ಒಂದು, ಎಂಟನೇ ಒಂದು ಎರಡನ್ನೂ ಬರೆದು ಯಾವುದು ದೊಡ್ಡದೆಂದು ಕೇಳಿದೆ. ಒಂಬತ್ತು ಜನವೂ ಎಂಟನೇ ಒಂದರ ಕಡೆ ಕೈ ತೋರಿಸಿದರು. ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ? ಕಾಗದ ಮಡಚಿ ತೋರಿಸಿದೆ, ರೊಟ್ಟಿಯ ಚಿತ್ರ ಬರೆದು ಬಣ್ಣ ತುಂಬಿಸಿದೆ. ತಲೆ ಆಡಿಸುವರು, ಮಾರನೆಯ ದಿನ ಮತ್ತೆ ಎಂಟೇ ದೊಡ್ಡದು. ನನಗೆ ಸಿಟ್ಟು ಬೇಗ. ಒಂದು ದಿನ ಸೀಮೆಸುಣ್ಣವನ್ನು ಎಸೆದೇಬಿಟ್ಟೆ.

ಆಗ ಬಸಮಣಿ, "ಮಿಸ್, ಪಾವು ದೊಡ್ಡದಾ ಅರೆಪಾವು ದೊಡ್ಡದಾ ಅಂತ ಕೇಳಿದ್ರೆ ನಾವು ಯೋಳ್ತೀವಿ. ನೀವು ಕೇಳಾಕಿಲ್ಲ" ಎಂದಳು.

ಮುಖಕ್ಕೆ ನೀರು ಎರಚಿದ ಹಾಗಾಯಿತು. ಆ ಮಕ್ಕಳ ಮನೆಗಳಲ್ಲಿ ಕಾಳು ಅಳೆಯುವುದು ಇಂದಿಗೂ ಸೇರು, ಪಾವಿನಲ್ಲೇ. ಮರುದಿನ ಅಮ್ಮನ ಪಾವನ್ನು ಶಾಲೆಗೆ ಒಯ್ದೆ. ಮಕ್ಕಳು ಮನೆಯಿಂದ ಸೇರು, ಅರ್ಧ ಸೇರು ಹಿಡಿಯುವ ಅಚ್ಚೇರು, ಅರೆಪಾವು ತಂದರು. ಹಳ್ಳದಿಂದ ಮರಳು ಬಂತು. ನಾಲ್ಕು ಹುಣಸೆ ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ, ಚೌಕಾಬಾರಾ ಕವಡೆಯಂತೆ ಎಸೆಯುವ ಆಟ ಕಟ್ಟಿದೆವು. ಒಂದು ಬೆಳ್ಳಗೆ ಬಿದ್ದರೆ ಅರೆಪಾವು ಸುರಿಯಬೇಕು, ಎರಡು ಬಿದ್ದರೆ ಪಾವು, ಮೂರು ಬಿದ್ದರೆ ಅಚ್ಚೇರು. ಯಾವ ಗುಂಪಿನ ಸೇರು ಚೆಲ್ಲದೆ ಮೊದಲು ತುಂಬುತ್ತದೋ ಅವರು ಗೆದ್ದಂತೆ. ಸುರಿದದ್ದನ್ನೆಲ್ಲ ಪಕ್ಕದಲ್ಲಿ ಭಿನ್ನರಾಶಿಯಾಗಿ ಬರೆದು ಕೂಡಿಸಬೇಕು.

ಎರಡೇ ವಾರದಲ್ಲಿ ಎಂಟನೇ ಒಂದು ಸಣ್ಣದಾಯಿತು. ಕಣದಲ್ಲಿ ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮ ಮಕ್ಕಳೂ ಮರಳನ್ನು "ಲಾಭ, ಎಲ್ಡು, ಮೂರು" ಎಂದೇ ಎಣಿಸಿದರು. ಬೋರ್ಡಿನ ಮುಂದೆ ನಿಲ್ಲಿಸಿದರೆ ಬಸಮಣಿ ನಾಲ್ಕನೇ ಒಂದನ್ನು "ನಾಕನೇ ಲಾಭ" ಎಂದು ಓದುವಳು. ನಾನು ತಿದ್ದಲಿಲ್ಲ, ನಕ್ಕೆ. ಅಮ್ಮ ಹೋದ ಮೇಲೆ ಗಟ್ಟಿಯಾಗಿ ನಕ್ಕದ್ದು ಅವತ್ತೇ ಮೊದಲು.

ಆಮೇಲಾಮೇಲೆ ಅವಳು ಸಂಜೆ ಕೋಣೆಗೆ ಬರತೊಡಗಿದಳು. ಅವಳ ಅವ್ವ ಶಿವಮ್ಮ ಕೂಲಿಯಿಂದ ಬರುವುದು ಆರು ಗಂಟೆಗೆ. ಅಪ್ಪ ಇಲ್ಲ. ಅಕ್ಕ ಗಡಿಯಾಚೆ ತಮಿಳುನಾಡಿನ ಒಂದು ನೂಲಿನ ಮಿಲ್ಲಿನಲ್ಲಿ. ಐದು ಗಂಟೆಗೆ ಹೊಸಲಿನ ಮೇಲೆ ಕೂತು ಲೆಕ್ಕ ಮಾಡುವಳು, ಜೊತೆಗೆ ಊರಿನ ಸುದ್ದಿಯನ್ನೆಲ್ಲ ಹೇಳುವಳು. ಯಾರ ಬಾಳೆಗೆ ಆನೆ ಬಂತು, ಯಾರ ಮನೆಯಲ್ಲಿ ಜಗಳ, ಯಾವ ಲಾರಿಯಿಂದ ಕಬ್ಬು ಬಿತ್ತು. ಉಂಡು ಹೋಗು ಎಂದರೆ ಮೊದಮೊದಲು ಬೇಡವೆಂದಳು. ಮೂರನೇ ದಿನ ತಟ್ಟೆ ತಾನೇ ತೊಳೆದುಕೊಂಡು ಬಂದು ಕೂತಳು. ಅರೆಪಾವು ಸಾಲದಾಯಿತು. ಅಂದಿನಿಂದ ನಾನು ಮತ್ತೆ ಒಂದು ಪಾವು ಅಕ್ಕಿ ಅಳೆಯತೊಡಗಿದೆ. ಈಗ ಬರೆಯಲು ನಾಚಿಕೆಯೇನಿಲ್ಲ, ಬೆಳಿಗ್ಗೆ ಎದ್ದರೆ ನಾನು ಕಾಯುತ್ತಿದ್ದದ್ದು ಸಂಜೆ ಐದು ಗಂಟೆಯನ್ನು.

ಅಕ್ಟೋಬರ್ ಮಳೆ ಚೆನ್ನಾಗಿ ಬಂತು. ಡಿಸೆಂಬರಿನಲ್ಲಿ ರಾಗಿ ಕೊಯ್ದು ಕಣ ಮಾಡಿದರು. ಆ ತಿಂಗಳು ನಮ್ಮ ಶಾಲೆ ನೋಡಲು ತಾಲ್ಲೂಕಿನಿಂದ ಸಾಹೇಬರೊಬ್ಬರು ಬರುವರೆಂದು ಸುದ್ದಿ ಬಂತು. ಹೆಡ್‌ಮಾಸ್ಟರು, "ಮೇಡಂ, ನಿಮ್ಮ ಸೇರಿನ ಆಟ ತೋರಿಸಿಬಿಡಿ" ಎಂದರು. ನನಗೂ ಒಳಗೊಳಗೇ ಜಂಬ. ಸಾಹೇಬರ ಮುಂದೆ ಮರಳು ಬೇಡ, ಹೊಸ ರಾಗಿ ಇಡೋಣ, ನೋಡಲು ಚೆನ್ನ ಎಂದುಕೊಂಡೆ. ಶಿವಮ್ಮನ ಮನೆಯಿಂದಲೇ ಕೇಳಿ ತಂದೆ. ನಾಲ್ಕು ಮಕ್ಕಳು, ನಾಲ್ಕು ಮನೆಯ ನಾಲ್ಕು ಪಾವು. ಒಬ್ಬೊಬ್ಬರೇ ಬಂದು ತಮ್ಮ ಪಾವನ್ನು ಸೇರಿಗೆ ಸುರಿಯಬೇಕು, ನಾಲ್ಕನೆಯವಳು ಸುರಿದಾಗ ಸೇರು ಮಟ್ಟವಾಗಿ ತುಂಬಬೇಕು, ಎಲ್ಲರೂ ಸೇರಿ "ನಾಲ್ಕು ಕಾಲು ಅಂದರೆ ಒಂದು" ಎನ್ನಬೇಕು.

"ಲಾಭ" ಎಂದು ಒಬ್ಬ ಸುರಿದ. "ಎಲ್ಡು." "ಮೂರು." ಕೊನೆಗೆ ಬಸಮಣಿ "ನಾಕು" ಎಂದು ಸುರಿದಳು. ಸೇರು ತುಂಬಲಿಲ್ಲ. ಒಂದು ಬೆರಳು ಕಡಿಮೆ.

ಸಾಹೇಬರು ಬಗ್ಗಿ ನೋಡಿ, "ಏನ್ ಮೇಡಂ, ಈ ಊರಲ್ಲಿ ನಾಲ್ಕು ಕಾಲು ಸೇರಿದರೂ ಒಂದಾಗೋದಿಲ್ವಾ?" ಎಂದರು. ಕೆಟ್ಟವರೇನಲ್ಲ, ತಮಾಷೆಗೆ ಅಂದದ್ದು. ನನ್ನ ಮುಖ ಇಷ್ಟು ಚಿಕ್ಕದಾಯಿತು. ಮನೆ ಮನೆಯ ಪಾವು ಒಂದೇ ಸಮ ಇರುವುದಿಲ್ಲ ಸಾರ್ ಎಂದು ಏನೋ ತೇಲಿಸಿದೆ. ಅವರ ಜೀಪು ಹೋದ ಮೇಲೆ ಮಕ್ಕಳ ಮೇಲೆ ಹರಿಹಾಯ್ದೆ. ಆರು ತಿಂಗಳು ಮರಳಿನಲ್ಲಿ ಒಂದು ಸಲವೂ ತಪ್ಪದ್ದು ಇವತ್ತೇ ತಪ್ಪಬೇಕಿತ್ತೇ? ಎಂಟು ಮಕ್ಕಳು ತಲೆ ತಗ್ಗಿಸಿದರು. ಬಸಮಣಿ ಹೋಗಿ ನಾಲ್ಕು ಪಾವುಗಳನ್ನೂ ತಂದು ನನ್ನ ಮುಂದಿಟ್ಟಳು. ನಾಲ್ಕರ ತಳದಲ್ಲೂ ಒಂದಿಷ್ಟು ರಾಗಿ ಇತ್ತು.

"ಯಾಕೆ ಪೂರ್ತಿ ಸುರಿಯಲಿಲ್ಲ?" ಎಂದೆ.

"ಕಾಳಲ್ವಾ ಮಿಸ್? ಕಾಳ ಪೂರಾ ಸುರೀಬಾರ್ದು. ಪಾವಲ್ಲಿ ಒಸಿ ಬುಡ್ಬೇಕು."

"ಮರಳನ್ನ ಸುರೀತಿದ್ರಲ್ಲ?"

"ಮಳ್ಳು ಉಣ್ತಾರಾ ಮಿಸ್?" ಎಂದಳು. ಮತ್ತೆ ಮೆಲ್ಲಗೆ, "ಪಾವ ಬರಿದು ಮಾಡ್ಬುಟ್ರೆ ಮತ್ತೆ ತುಂಬಾಕಿಲ್ವಂತೆ. ಅವ್ವ ಯೋಳ್ತದೆ" ಎಂದಳು.

ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ. ನಾಲ್ಕು ಮಕ್ಕಳ ನಾಲ್ಕು ಕೈ, ಸಾಹೇಬರ ಮುಂದೆಯೂ, ತಾವಾಗಿ ತಡೆದಿದ್ದವು. ಬಸಮಣಿ ಆ ನಾಲ್ಕು ಪಾವುಗಳ ಉಳಿಕೆಯನ್ನು, ಒಂದೆರಡು ಕಾಳು ಮಾತ್ರ ಹಿಂದೆ ಬಿಟ್ಟು, ನನಗಾಗಿ ಸೇರಿಗೆ ಸುರಿದು ತೋರಿಸಿದಳು. ಸೇರು ತುಂಬಿತು. ನಾನು ಬೈದದ್ದಕ್ಕೆ ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ, ಅವತ್ತು ಸಂಜೆ ಅವಳಿಗೆ ಎರಡು ಚಮಚ ತುಪ್ಪ ಹೆಚ್ಚು ಹಾಕಿದೆ.

ಸಂಕ್ರಾಂತಿಗೆ ಮುಂಚೆ ಹೆಡ್‌ಮಾಸ್ಟರು ಒಂದು ಅರ್ಜಿ ಫಾರಂ ತಂದುಕೊಟ್ಟರು. ಆರನೇ ತರಗತಿಗೆ ವಸತಿ ಶಾಲೆ ಸೇರುವ ಪ್ರವೇಶ ಪರೀಕ್ಷೆಯದು. "ನಮ್ಮಲ್ಲಿ ಬರೆಯೋ ಹಂಗಿದ್ರೆ ಬಸಮಣಿ ಒಬ್ಬಳೇ. ಅವರ ತಾಯಿ ಸೈನ್ ಹಾಕಿಸಿ ಕೊಡಿ ಮೇಡಂ, ಇನ್ನು ಹದಿನೈದು ದಿನ ಇದೆ" ಎಂದರು. ನಾನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ.

ಅಲ್ಲೇ ಇಟ್ಟುಕೊಂಡೆ. ಒಂದು ದಿನ, ಎರಡು ದಿನ, ಹತ್ತು ದಿನ. ದಿನಾ ಸಂಜೆ ಅವಳು ಎದುರಿಗೇ ಕೂತಿರುತ್ತಿದ್ದಳು, ಬ್ಯಾಗು ಗೂಟಕ್ಕೆ ನೇತಾಡುತ್ತಿತ್ತು. ನಾಳೆ ಹೇಳೋಣ ಎಂದುಕೊಳ್ಳುವೆ. ಇಷ್ಟು ಚಿಕ್ಕ ಹುಡುಗಿ ಹಾಸ್ಟೆಲಿನಲ್ಲಿ ಹೇಗಿದ್ದಾಳು, ಶಿವಮ್ಮನಿಗೆ ಯಾರು ದಿಕ್ಕು ಎಂದೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಶಿವಮ್ಮನ ನೆಪ ಬರೀ ನೆಪ. ದಿಕ್ಕಿಲ್ಲದೆ ಹೋಗುತ್ತಿದ್ದವಳು ನಾನು. ಮತ್ತೆ ಅರೆಪಾವಿಗೆ ಇಳಿಯುವುದು ನನಗೆ ಬೇಡವಾಗಿತ್ತು.

ಹನ್ನೊಂದನೇ ದಿನ ಭಾನುವಾರ. ಶಿವಮ್ಮ ಮಡಿಲ ತುಂಬ ಅವರೆಕಾಯಿ ತಂದು, ಬಾಗಿಲ ಬಿಸಿಲಿನಲ್ಲಿ ಕೂತು ತಾನೇ ಸುಲಿದು ಕೊಡತೊಡಗಿದಳು. ಮಾತಿನ ನಡುವೆ, "ಇನ್ ಮೂರ್ ತಿಂಗ್ಳು ಕಣ್ ಮಿಸ್ಸಮ್ಮ. ಇವ್ಳ ಐದ್ನೇದು ಮುಗೀತದೆ. ಮುಂದಿನ ಸ್ಕೂಲು ಎಲ್ಲದೆ? ಕಾಡ್ ದಾಟಿ ಓಗ್ಬೇಕು. ದೊಡ್ಡವಳು ಅವಳ ಜೊತೆಗೇ ಕರ್ಕಂಡೋಯ್ತೀನಿ ಅಂದವ್ಳೆ. ಮಿಲ್ಲೋರು ಚಿಕ್ ಉಡ್ಗೀರ್ನ ತಕ್ಕಳಲ್ವಂತೆ, ಒಂದೆಲ್ಡು ವರ್ಸ ಮಿಲ್ಲಿನ್ ಅಡ್ಗೆಮನೇಲಿ ಇರ್ಲಿ ಅಂತ" ಎಂದಳು. ದುಃಖದಿಂದ ಹೇಳಿದ್ದಲ್ಲ, ಗೊತ್ತಾದ ವಿಷಯ ಹೇಳುವ ಹಾಗೆ ಹೇಳಿದಳು. ಜೊತೆಗೆ ಸುಲಿಯುತ್ತಿದ್ದ ನನ್ನ ಕೈಯೂ ಅವರೆಕಾಯಿಯ ಸೊಗಡಿಗೆ ಜಿಡ್ಡಾಗಿತ್ತು. ಕೈಯನ್ನೂ ತೊಳೆಯದೆ ಎದ್ದು ಹೋಗಿ ಫಾರಂ ತಂದೆ. ಆ ಅರ್ಜಿಯ ಮೂಲೆಯಲ್ಲಿ ಹಸಿರು ಕಲೆ ಇತ್ತು. ಹಾಗೇ ಕಳಿಸಿದೆವು.

ಫೆಬ್ರುವರಿಯಲ್ಲಿ ಕಾಡು ಒಣಗಿತು. ಎಲ್ಲೋ ಬೆಂಕಿ ಬಿದ್ದ ವಾಸನೆ ಗಾಳಿಯಲ್ಲಿ. ನಾವಿಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಲೆಕ್ಕ ಮಾಡಿದೆವು. ಭಿನ್ನರಾಶಿ ಈಗ ಅವಳಿಗೆ ನೀರು ಕುಡಿದಷ್ಟು ಸಲೀಸು. ಒಂದೇ ಒಂದು ತೊಡಕು. ಹಳೇ ಪ್ರಶ್ನೆಪತ್ರಿಕೆಯಲ್ಲಿ ಒಂದು ಲೆಕ್ಕವಿತ್ತು: ಡಬ್ಬದಲ್ಲಿದ್ದ ರಾಗಿಯಲ್ಲಿ ಅರ್ಧವನ್ನು ಸೋಮವಾರ, ನಾಲ್ಕನೇ ಒಂದನ್ನು ಮಂಗಳವಾರ, ಇನ್ನೊಂದು ನಾಲ್ಕನೇ ಒಂದನ್ನು ಬುಧವಾರ ತೆಗೆದರೆ ಉಳಿದದ್ದೆಷ್ಟು? ಬಸಮಣಿ ಎಲ್ಲ ಸರಿಯಾಗಿ ಕೂಡಿಸಿ, ಕೊನೆಗೆ "ಒಸಿ" ಎಂದು ಬರೆದಿದ್ದಳು.

"ಸೊನ್ನೆ ಕಣೇ" ಎಂದೆ.

"ಗೊತ್ತು ಮಿಸ್. ಆದ್ರೆ ಯಾರೂ ಅಂಗೆ ತಗ್ಯಾಕಿಲ್ಲ."

"ಪರೀಕ್ಷೆಯ ರಾಗಿ ಬೇರೆ, ಮನೆಯ ರಾಗಿ ಬೇರೆ. ಪರೀಕ್ಷೆಯದನ್ನು ಪೂರ್ತಿ ಸುರಿಯಬಹುದು."

ಅವಳು ಒಸಿಯನ್ನು ಅಳಿಸಿ ಸೊನ್ನೆ ಸುತ್ತಿದಳು. ಅದನ್ನು ಕಲಿಸಿದ್ದಕ್ಕೆ ಯಾವ ಸಾಹೇಬರೂ ನನ್ನನ್ನು ಮೆಚ್ಚದಿದ್ದರೆ ಒಳ್ಳೆಯದು.

ಪರೀಕ್ಷೆ ಚಾಮರಾಜನಗರದಲ್ಲಿತ್ತು. ನಾನೇ ಕರೆದುಕೊಂಡು ಹೋದೆ. ಹೊರಗೆ ಬೇವಿನ ಮರದ ಕೆಳಗೆ, ಒಳಗಿರುವ ಮಕ್ಕಳ ತಾಯಂದಿರ ನಡುವೆ ಕೂತಿದ್ದೆ. ಒಬ್ಬಾಕೆ "ಮಗಳಾ?" ಎಂದರು. ಅಲ್ಲ ಎನ್ನಲು ಸ್ವಲ್ಪ ತಡವಾಯಿತು. ಪರೀಕ್ಷೆ ಮುಗಿಸಿ ಬಸಮಣಿ ಹೊರಗೆ ಬಂದಳು. ಹೋಟೆಲಿನಲ್ಲಿ ದೋಸೆ ಬಂದ ಮೇಲೆ, "ಅದೇ ತರದ್ ಲೆಕ್ಕ ಬಂದಿತ್ತು ಮಿಸ್. ಅಕ್ಕಿದು. ಪೂರಾ ಸುರ್ದ್‌ಬುಟ್ಟೆ" ಎಂದಳು. ಅವಳ ಕಣ್ಣು ತುಂಬಿತ್ತು. ಒಳ್ಳೇದಾಯ್ತು ಬಿಡು ಎಂದೆ.

ಮೇ ಕೊನೆಗೆ ಪಟ್ಟಿ ಬಂತು, ಸೀಟು ಸಿಕ್ಕಿತು. ಜೂನ್ ಮೊದಲ ವಾರ ಒಂದು ಬೆಳಿಗ್ಗೆ ತಾಯಿ ಮಗಳು ಟ್ರಂಕು ಹೊತ್ತು ನನ್ನ ಕೋಣೆಗೆ ಬಂದರು. ಬಸಮಣಿ "ನೀರ್ ಕುಡ್ಕಂಡ್ ಬತ್ತೀನಿ" ಎಂದು ಒಳಗೆ ಹೋದಳು. ಮೂವರೂ ರಸ್ತೆಗೆ ನಡೆದೆವು. ಮಂಜು ಇತ್ತು. ತಮಿಳು ಬೋರ್ಡಿನ ಬಸ್ಸೊಂದು ನಿಲ್ಲದೆ ಹೋಯಿತು. ಶಿವಮ್ಮ ಮುಂದೆ ನಿಂತು ಇನ್ನೊಂದು ಬಸ್ಸಿಗೆ ಇಣುಕುತ್ತಿದ್ದಾಗ, ಬಸಮಣಿ ನನ್ನ ಸೆರಗು ಹಿಡಿದಳು.

"ಮಿಸ್, ಫಾರಂ ನಿಮ್ ಬ್ಯಾಗಲ್ಲಿತ್ತು ಅಂತ ನಂಗ್ ಗೊತ್ತಿತ್ತು. ಕೆಂಪ್ ಪೆನ್ನು ತಕ್ಕಂಡಾಗ ನೋಡ್ದೆ."

ನನಗೆ ಭೂಮಿಗೆ ಇಳಿದು ಹೋಗುವ ಹಾಗಾಯಿತು. "ಮತ್ತೆ ಯಾಕೆ ಕೇಳಲಿಲ್ಲ?" ಎಂದೆ.

"ನಂಗೂ ಓಗಕ್ಕೆ ಮನ್ಸಿರ್ನಿಲ್ಲ" ಎಂದಳು.

ಬಸ್ ಬಂತು. ಶಿವಮ್ಮ, "ಬತ್ತೀವಿ ಮಿಸ್ಸಮ್ಮ. ಬಸ್ ಅತ್ತಮ್ಮಿ, ಅತ್ತು" ಎಂದು ಮಗಳನ್ನು ದೂಡಿ ಹತ್ತಿಸಿದಳು. ನಾನು ಕೈ ಬೀಸಿದೆ. ಮಂಜಿನಲ್ಲಿ ಅವಳು ಯಾವ ಕಿಟಕಿಯಲ್ಲಿದ್ದಳೋ ಕಾಣಲಿಲ್ಲ.

ಅವತ್ತು ಐದು ಗಂಟೆ ಬಂತು, ಆರೂ ಆಯಿತು. ಹಸಿವಿಲ್ಲದಿದ್ದರೂ ಅಕ್ಕಿ ಹಾಕೋಣವೆಂದು ಪಾವಿಗೆ ಕೈ ಹಾಕಿದೆ. ತಳದಲ್ಲಿ ಏನೋ ಸರಿದಾಡಿತು. ಬೆಳಕಿಗೆ ಹಿಡಿದರೆ ರಾಗಿ. ಒಂದು ಹಿಡಿಯೂ ಇಲ್ಲ, ಒಸಿ.

ಆ ಊರಿನಲ್ಲಿ ನಾನು ಇನ್ನೊಂದು ತಿಂಗಳೂ ಇರಲಾರದೆ ಹೋದೆ. ಗುಂಡ್ಲುಪೇಟೆಯ ಕಡೆಗೆ ನಿಯೋಜನೆ ಕೇಳಿ ಪಡೆದೆ. ಬಸಮಣಿ ಮೊದಲ ವರ್ಷ ಹಾಸ್ಟೆಲಿನಿಂದ ಮೂರು ಸಲ ಫೋನ್ ಮಾಡಿದ್ದಳು. ಆಮೇಲೆ ಇಲ್ಲ. ಈಗ ಹತ್ತನೆಯದೋ ಏನೋ. ಮಕ್ಕಳು ಮರೆಯುವುದೇ ಸರಿ ಎಂದು ಮೇಷ್ಟರ ಬುದ್ಧಿ ಹೇಳುತ್ತದೆ. ಬೇರೆ ಬುದ್ಧಿ ಫೋನ್ ನೋಡುತ್ತಿರುತ್ತದೆ.

ಬಸ್ಸಿನಿಂದ ಇಳಿದು ಮನೆಗೆ ಬಂದು, ಬೀಗ ತೆಗೆದು, ಅಟ್ಟಣಿಗೆಯ ಮೇಲಿನ ಪಾವನ್ನು ಕೆಳಗಿಳಿಸಿ ನೋಡಿದೆ. ರಾಗಿಗೆ ಬೇಗ ಹುಳ ಹಿಡಿಯುವುದಿಲ್ಲ, ಎಷ್ಟು ವರ್ಷವಾದರೂ ಇರುತ್ತದೆ. ಹಾಗೇ ಇತ್ತು. ಮತ್ತೆ ಮೇಲಿಟ್ಟು, ಅರ್ಧ ಲೋಟ ಅಕ್ಕಿ ಅಳೆದುಕೊಂಡೆ.